ಗೆರೆಚಿತ್ರದ ವಿಆರ್ ಬಾಹ್ಯಾಕಾಶ ಕಾಳಗ: ನಾವು ಕಟ್ಟುವ ನೌಕೆಯ ಆಕಾರಕ್ಕೆ ಆಟದಲ್ಲಿ ಬೆಲೆ ಇರಬೇಕೇ?

ಹಿಂಜವಡಿ ಹಕ್ಕಿ, ಪುಣೆ

ಕಚೇರಿಯ ಕೆಲಸ ಮುಗಿದ ಮೇಲೆ ರಾತ್ರಿ ಒಂದೆರಡು ಗಂಟೆ ಕೂತು, ಏಳು ತಿಂಗಳಿಂದ ಒಂದು ವರ್ಚುವಲ್ ರಿಯಾಲಿಟಿ (ವಿಆರ್) ಆಟವನ್ನು, ಅಂದರೆ ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ಒಳಗೇ ಇದ್ದಂತೆ ಆಡುವ ಆಟವನ್ನು, ಮಾಡುತ್ತಿದ್ದೇನೆ. 1980ರ ಸುಮಾರಿನ ಆಟಗಳಲ್ಲಿದ್ದಂತೆ ಕಪ್ಪು ಆಕಾಶ, ಹೊಳೆಯುವ ಗೆರೆಗಳು, ನೆರಳಿಲ್ಲದ ಚಪ್ಪಟೆ ಬಣ್ಣಗಳು ಇದರಲ್ಲಿವೆ. ಎಂಜಿನ್, ಕವಚ, ಬಂದೂಕು, ಇಂಧನದ ಟ್ಯಾಂಕು, ಹೀಗೆ ಒಂದೊಂದು ಮೀಟರ್ ಅಳತೆಯ ಘನಾಕಾರದ ತುಂಡುಗಳನ್ನು ಜೋಡಿಸಿ ಆಟಗಾರರು ತಮ್ಮ ನೌಕೆಯನ್ನು ತಾವೇ ಕಟ್ಟಬೇಕು. ಆಮೇಲೆ ಅದೇ ನೌಕೆಯ ಒಳಗೆ ಕೂತು ಕಾದಾಡಬೇಕು. ಆಟಗಳನ್ನು ಕಟ್ಟುವ ಗೊಡೊ 4 ತಂತ್ರಾಂಶದಲ್ಲಿ ಬರೆಯುತ್ತಿದ್ದೇನೆ, ಪರೀಕ್ಷೆಗೆ ಇರುವುದು ದೊಡ್ಡಪ್ಪನ ಮಗ ವಿದೇಶದಿಂದ ತಂದುಕೊಟ್ಟ ಕ್ವೆಸ್ಟ್ 2 ಎಂಬ ಹೆಡ್‌ಸೆಟ್.

ಮೊದಲು ಎಲ್ಲ ನೌಕೆಗಳೂ ಒಂದೇ ರೀತಿ ಹಾರುತ್ತಿದ್ದವು. ಉದ್ದಕ್ಕೆ ಕಟ್ಟಿದರೂ ಉರುಟಾಗಿ ಕಟ್ಟಿದರೂ ವ್ಯತ್ಯಾಸವಿರಲಿಲ್ಲ, ಹಾಗಾಗಿ ಕಟ್ಟುವ ಕೆಲಸ ಬರೀ ಅಲಂಕಾರದಂತೆ ಕಾಣುತ್ತಿತ್ತು. ಅದು ಸರಿಯೆನಿಸದೆ ತುಂಡುಗಳ ತೂಕ, ಎಂಜಿನ್ನಿನ ಸ್ಥಾನ ಎಲ್ಲವನ್ನೂ ಲೆಕ್ಕಕ್ಕೆ ತಂದು ನಿಜವಾದ ಭೌತಶಾಸ್ತ್ರವನ್ನು ಹಾಕಿದೆ. ದೀಪಾವಳಿಗೆ ಧಾರವಾಡದಿಂದ ಬಂದಿದ್ದ ಚಿಕ್ಕಪ್ಪ ಎಡಗಡೆ ಮಾತ್ರ ದೊಡ್ಡ ಬಂದೂಕಿದ್ದ ನೌಕೆ ಕಟ್ಟಿ, ಎಂಜಿನ್ ಹಚ್ಚಿದ ಕೂಡಲೇ ಬುಗುರಿಯಂತೆ ತಿರುಗಿ, ನಾಲ್ಕು ನಿಮಿಷಕ್ಕೆ ಹೆಡ್‌ಸೆಟ್ ಕಳಚಿ ಬಾಲ್ಕನಿಗೆ ಹೋದವರು ಅವತ್ತು ಹೋಳಿಗೆಯನ್ನೂ ಮುಟ್ಟಲಿಲ್ಲ. ಈ ಲೆಕ್ಕವನ್ನು ಉಳಿಸಿಕೊಳ್ಳಬೇಕೇ, ತೆಗೆದುಹಾಕಬೇಕೇ ಎಂಬುದು ಈ ವೇದಿಕೆಯವರಿಗೆ ನನ್ನ ಪ್ರಶ್ನೆ.

ಲ್ಯಾಮಿಂಗ್ಟನ್ ರೋಡ್, ಮುಂಬೈ

ತೆಗೆದುಹಾಕಿ. ಗುಂಡು ಹಾರಿಸಲು ಬಂದವನಿಗೆ ಪಿಯುಸಿ ಪಾಠ ಬೇಕಾಗಿಲ್ಲ.

ಮಾಟುಂಗಾ ಮೇಷ್ಟ್ರು, ಮುಂಬೈ

ಮೂವತ್ತು ವರ್ಷ ಅದೇ ಪಿಯುಸಿ ಪಾಠ ಮಾಡಿದವನಾದ್ದರಿಂದ ನನ್ನ ಅಭಿಪ್ರಾಯ ಪಕ್ಷಪಾತದ್ದು ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಆದರೆ ಈ ಬಗೆಯ ಆಟದ ಹುಟ್ಟಿನಲ್ಲೇ ಭೌತಶಾಸ್ತ್ರವಿತ್ತು. 1962ರಲ್ಲಿ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರು ಪಿಡಿಪಿ-1 ಗಣಕದ ಮೇಲೆ ಮಾಡಿದ ಸ್ಪೇಸ್‌ವಾರ್ ಆಟದಲ್ಲಿ, ನಡುವಿನ ನಕ್ಷತ್ರದ ಸೆಳೆತಕ್ಕೆ ಸಿಕ್ಕ ಎರಡು ನೌಕೆಗಳು ಒಂದನ್ನೊಂದು ಬೇಟೆಯಾಡುತ್ತಿದ್ದವು. 1979ರ ಆಸ್ಟರಾಯ್ಡ್ಸ್ ಆಟದ ರುಚಿಯೆಲ್ಲ ಇದ್ದುದು, ಎಂಜಿನ್ ನಿಲ್ಲಿಸಿದ ಮೇಲೂ ನೌಕೆ ಬಹಳ ಹೊತ್ತು ಜಾರುತ್ತದೆ ಎಂಬ ಒಂದೇ ಸಂಗತಿಯಲ್ಲಿ. ದಾದರಿನ ವಿಡಿಯೋ ಗೇಮ್ ಅಂಗಡಿಯೊಂದರಲ್ಲಿ ನಾನು ಎಷ್ಟು ನಾಣ್ಯ ಕಳೆದೆನೆಂಬುದನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಮನೆಯವರೂ ಈ ವೇದಿಕೆಯನ್ನು ಓದುತ್ತಾರೆ.

ಚಿಕ್ಕಪ್ಪನವರ ನೌಕೆಯನ್ನೇ ತೆಗೆದುಕೊಳ್ಳೋಣ. ಮೈಯೆಲ್ಲ 10 ಟನ್, ಅದರ ದ್ರವ್ಯರಾಶಿ ಕೇಂದ್ರ, ಅಂದರೆ ತೂಕವೆಲ್ಲ ಸಮತೂಗುವ ಬಿಂದು, ನಟ್ಟನಡುವೆ ಇದೆ ಎನ್ನಿ. 2 ಟನ್ನಿನ ಬಂದೂಕನ್ನು ಎಡಕ್ಕೆ 3 ಮೀಟರ್ ದೂರದಲ್ಲಿ ಇಟ್ಟರೆ, 2ನ್ನು 3ರಿಂದ ಗುಣಿಸಿ ಒಟ್ಟು ತೂಕ 12ರಿಂದ ಭಾಗಿಸಿದಾಗ, ದ್ರವ್ಯರಾಶಿ ಕೇಂದ್ರ ಅರ್ಧ ಮೀಟರ್ ಎಡಕ್ಕೆ ಸರಿದಿರುತ್ತದೆ. ಎಂಜಿನ್ ಮಾತ್ರ ನಡುವಿನಲ್ಲೇ ಉಳಿದು ತಳ್ಳುತ್ತದೆ. ಬಾಗಿಲನ್ನು ಕೀಲಿನ ಹತ್ತಿರ ತಳ್ಳುವುದಕ್ಕೂ ಅಂಚಿನಲ್ಲಿ ತಳ್ಳುವುದಕ್ಕೂ ಇರುವ ವ್ಯತ್ಯಾಸವೇ ಇದು. ಆ ಅರ್ಧ ಮೀಟರೇ ಸನ್ನೆಗೋಲಾಗಿ ನೌಕೆ ತಿರುಗುತ್ತದೆ. ಗಾಳಿಯಿಲ್ಲದ ಕಡೆ ತಡೆಯುವವರು ಯಾರೂ ಇಲ್ಲದ್ದರಿಂದ ತಿರುಗುವ ವೇಗ ಏರುತ್ತಲೇ ಹೋಗುತ್ತದೆ. ಆಟ ತಪ್ಪು ಮಾಡಿಲ್ಲ, ನೌಕೆ ಕಟ್ಟಿದವರು ತಪ್ಪು ಮಾಡಿದ್ದಾರೆ, ಮತ್ತು ಅದನ್ನು ಆಟ ಅವರಿಗೆ ಹೊರಡುವ ಮೊದಲು ತೋರಿಸಲಿಲ್ಲ.

ಕೊತ್ರೂಡ್ ಡಾಕ್ಟರ್, ಪುಣೆ

ನಾನು ಕಿವಿ ಮೂಗು ಗಂಟಲಿನ ವೈದ್ಯೆ, ತಲೆಸುತ್ತಿನ ರೋಗಿಗಳನ್ನು ದಿನವೂ ನೋಡುವವಳು. ನಮ್ಮ ಒಂದೊಂದು ಒಳಕಿವಿಯಲ್ಲೂ ಮೂರು ಅರೆವೃತ್ತದ ನಾಳಗಳು, ಒಂದಕ್ಕೊಂದು ಹೆಚ್ಚುಕಡಿಮೆ ಲಂಬವಾಗಿ ಇರುತ್ತವೆ, ಮತ್ತು ತಲೆ ತಿರುಗಲು ತೊಡಗಿದ್ದನ್ನು ಅವು ಗುರುತಿಸುತ್ತವೆ. ಪಕ್ಕದಲ್ಲೇ ಇರುವ ಇನ್ನೆರಡು ಅಂಗಗಳು ಭೂಮಿಯ ಸೆಳೆತ ಯಾವ ದಿಕ್ಕಿಗಿದೆ ಎಂಬುದನ್ನು ಹೇಳುತ್ತವೆ. ಹೆಡ್‌ಸೆಟ್ಟಿನಲ್ಲಿ ಕಣ್ಣು "ನಾನು ಗಿರಗಿರನೆ ತಿರುಗುತ್ತಿದ್ದೇನೆ" ಎನ್ನುವಾಗ ಇವೆಲ್ಲವೂ "ನೀನು ಸೋಫಾದ ಮೇಲೆ ಸುಮ್ಮನೆ ಕೂತಿದ್ದೀಯೆ" ಎನ್ನುತ್ತವೆ. ಈ ಜಗಳದ ಫಲವನ್ನು ಹೊಟ್ಟೆ ಅನುಭವಿಸುತ್ತದೆ.

ಇದರಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗುವಾಗ ಕಾರು ನಡೆಸುವವರಿಗೆ ವಾಂತಿ ಬರುವುದು ಅಪರೂಪ, ಹಿಂದೆ ಕೂತವರಿಗೆ ಬರುತ್ತದೆ. ಮುಂದಿನ ತಿರುವು ಯಾವ ಕಡೆಗೆ ಎಂದು ತಿಳಿದಿರುವ ಮಿದುಳು ತನ್ನನ್ನು ಸಿದ್ಧಪಡಿಸಿಕೊಂಡಿರುತ್ತದೆ. ಆಟಗಾರ ತಾನೇ ತಿರುಗಿಸಿದ್ದನ್ನು ಹೇಗೋ ಸಹಿಸಬಹುದು. ಕೇಳದೆ ತಾನಾಗಿ ಬಂದ ತಿರುಗುವಿಕೆಯನ್ನು ಸಹಿಸುವುದು ಕಷ್ಟ. ಚಿಕ್ಕಪ್ಪನವರು ತಮ್ಮದೇ ನೌಕೆಯಲ್ಲಿ ಹಿಂದಿನ ಸೀಟಿನ ಪ್ರಯಾಣಿಕರಾಗಿದ್ದರು. ಯಾರಿಗೇ ಆಗಲಿ, ಬೆವರು, ಬಾಯಲ್ಲಿ ನೀರೂರುವುದು ಶುರುವಾದ ತಕ್ಷಣ ಹೆಡ್‌ಸೆಟ್ ತೆಗೆಸಿ. ಅಭ್ಯಾಸವಾಗಲಿ ಎಂದು ಒತ್ತಾಯಿಸಿ ಕೂರಿಸಿದರೆ, ಆಮೇಲೆ ಆ ಕನ್ನಡಕವನ್ನು ಕಂಡರೇ ಹೊಟ್ಟೆ ತೊಳಸುತ್ತದೆ.

ಹಿಂಜವಡಿ ಹಕ್ಕಿ, ಪುಣೆ

ಡಾಕ್ಟರರೇ, ಹಾಗಾದರೆ ಮೇಷ್ಟ್ರ ಮಾತು ಮತ್ತು ನಿಮ್ಮ ಮಾತು ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಹೇಗೆ? ನೌಕೆಯ ರೆಕ್ಕೆ ಮುರಿದಾಗ ಅದು ಒಂದು ಕಡೆಗೆ ಎಳೆಯಬೇಕು, ಅದನ್ನು ಆಟಗಾರ ಮೈಯಲ್ಲಿ ಅನುಭವಿಸಬೇಕು ಎಂಬುದೇ ನನ್ನ ದೊಡ್ಡ ಆಸೆಯಾಗಿತ್ತು.

ವಾಸ್ಕೋ ಕಿನಾರೆ, ಗೋವಾ

ನಾನು ನೀರಿನ ಮೇಲಿನ ಹಡಗುಗಳನ್ನು ಕಟ್ಟುವವಳು, ಆಕಾಶದ ಹಡಗುಗಳ ಬಗ್ಗೆ ಮಾತನಾಡಲು ಅಧಿಕಾರವಿಲ್ಲ. ಆದರೂ ನಮ್ಮಲ್ಲಿ ವಿನ್ಯಾಸದ ಮೊದಲ ದಿನದಿಂದಲೇ ಒಂದು ತೂಕದ ಪಟ್ಟಿ ಇರುತ್ತದೆ; ಎಂಜಿನ್ನಿನಿಂದ ಹಿಡಿದು ಅಡುಗೆಮನೆಯ ಒಲೆಯವರೆಗೆ ಪ್ರತಿಯೊಂದರ ತೂಕ, ಮತ್ತು ಅದು ಉದ್ದಕ್ಕೆ, ಅಗಲಕ್ಕೆ, ಎತ್ತರಕ್ಕೆ ಎಲ್ಲಿದೆ ಎಂಬುದನ್ನು ಅದರಲ್ಲಿ ಬರೆಯುತ್ತೇವೆ. ಒಂದು ಪಂಪನ್ನು ಎಡಕ್ಕೆ ಸರಿಸಿದರೂ ಪಟ್ಟಿ ಬದಲಾಗುತ್ತದೆ, ಗುರುತ್ವ ಕೇಂದ್ರ ಬದಲಾಗುತ್ತದೆ, ಕೊನೆಗೆ ಹಡಗು ವಾಲಿದರೆ ತೂಕ ತುಂಬಿ ಸರಿದೂಗಿಸಬೇಕಾಗುತ್ತದೆ. ನಿಮ್ಮ ಆಟದಲ್ಲಿ ಈ ಪಟ್ಟಿಯನ್ನು ಅಂಕಿಗಳಲ್ಲಿ ತೋರಿಸುವ ಅಗತ್ಯವಿಲ್ಲ. ಕಟ್ಟುವ ಮೇಜಿನ ಮೇಲೆ ನೌಕೆಯ ಒಳಗೆ ಒಂದು ಕೆಂಪು ಗುಂಡನ್ನು ಕೇಂದ್ರದ ಗುರುತಾಗಿ ಇಡಿ, ಎಂಜಿನ್ನುಗಳು ತಳ್ಳುವ ದಾರಿಯನ್ನು ಒಂದು ಹಳದಿ ಗೆರೆಯಾಗಿ ಎಳೆಯಿರಿ. ಗೆರೆ ಗುಂಡನ್ನು ತಾಗಿ ಹೋದರೆ ಒಳ್ಳೆಯ ನೌಕೆ. ಚಿಕ್ಕಪ್ಪನವರು ಬಂದೂಕು ಇಡುತ್ತಿದ್ದಂತೆ ಆ ಕೆಂಪು ಗುಂಡು ಸರಿಯುವುದನ್ನು ಕಂಡಿದ್ದರೆ ಬಲಗಡೆಗೂ ಏನಾದರೂ ಇಡುತ್ತಿದ್ದರು.

ಮಾಟುಂಗಾ ಮೇಷ್ಟ್ರು, ಮುಂಬೈ

ಕಿನಾರೆಯವರ ಸಲಹೆ ಬಹಳ ಚೆನ್ನಾಗಿದೆ, ಅದಕ್ಕೆ ಇನ್ನೊಂದನ್ನು ಸೇರಿಸುತ್ತೇನೆ. ನಿಜವಾದ ರಾಕೆಟ್ಟುಗಳಲ್ಲೂ ಕೇಂದ್ರ ನಿಂತಲ್ಲಿ ನಿಲ್ಲುವುದಿಲ್ಲ. ನಮ್ಮ ಪಿಎಸ್‌ಎಲ್‌ವಿಯ ಎರಡನೇ ಹಂತದ ವಿಕಾಸ್ ಎಂಜಿನ್ ಹಾರುತ್ತಿರುವಾಗಲೇ ಸ್ವಲ್ಪ ಓರೆಯಾಗಿ ದಿಕ್ಕನ್ನು ತಿದ್ದುತ್ತದೆ. ಅಪೋಲೊ ನೌಕೆಯ ಮುಖ್ಯ ಎಂಜಿನ್ ಕೂಡ ಹೀಗೆಯೇ ಓರೆಯಾಗಬಲ್ಲದ್ದಾಗಿತ್ತು, ಏಕೆಂದರೆ ಚಂದ್ರನ ಮೇಲೆ ಇಳಿಯುವ ಘಟಕ ಜೋಡಿಸಿಕೊಂಡಿರುವಾಗ ಕೇಂದ್ರ ಒಂದು ಕಡೆ, ಅದು ಕಳಚಿದ ಮೇಲೆ ಇನ್ನೊಂದು ಕಡೆ ಇರುತ್ತಿತ್ತು. ಹಾಗೆಯೇ ಆಟದ ನೌಕೆಯಲ್ಲೂ ಒಂದು ಗಣಕ ಇರಲಿ. ರೆಕ್ಕೆ ಮುರಿದ ಕೂಡಲೇ ಅದು ಎಂಜಿನ್ನುಗಳ ಬಲವನ್ನು ಹಂಚಿ, ಓರೆ ಮಾಡಿ, ನೌಕೆಯನ್ನು ನೆಟ್ಟಗೆ ಹಿಡಿಯಲಿ; ಆದರೆ ಹಿಡಿಯುವುದಕ್ಕೆ ಖರ್ಚಾದ ಬಲ ಮುಂದೆ ಹೋಗಲು ಸಿಗದಿರಲಿ. ಆಗ ಮುರಿದ ನೌಕೆ ತಿರುಗುವುದಿಲ್ಲ, ಕುಂಟುತ್ತದೆ.

ಕೊತ್ರೂಡ್ ಡಾಕ್ಟರ್, ಪುಣೆ

ಕುಂಟುವುದು ಹೊಟ್ಟೆಗೆ ಒಗ್ಗುತ್ತದೆ. ಎಳೆತವನ್ನು ಕೈಗೂ ಕಿವಿಗೂ ಕೊಡಿ: ಎಡಗೈಯ ನಿಯಂತ್ರಕ ನಡುಗಲಿ, ಒಂದು ಕಡೆಯ ಎಂಜಿನ್ನಿನ ಸದ್ದು ಏರಲಿ. ಕಣ್ಣಿಗೆ ಮಾತ್ರ ಕೊಡಬೇಡಿ. ಆಟಗಾರನ ಸುತ್ತ ಅಲುಗಾಡದ ಚೌಕಟ್ಟು, ಅಂದರೆ ಕಿಟಕಿಯ ದಪ್ಪ ಕಂಬಿಗಳು ಮತ್ತು ಮುಂದಿನ ಫಲಕ, ಯಾವಾಗಲೂ ಕಾಣುತ್ತಿರಬೇಕು. ಸ್ಥಿರವಾದ ಏನಾದರೂ ಹತ್ತಿರದಲ್ಲಿದ್ದರೆ ಕಣ್ಣು ಅದನ್ನು ಆಧಾರವಾಗಿ ಹಿಡಿಯುತ್ತದೆ. ಅಂದಹಾಗೆ, ಫ್ಯಾನ್ ಹಾಕಿಕೊಂಡು ಆಡುವುದು ಅನೇಕರಿಗೆ ಹಿತ.

ಡೊಂಬಿವಲಿ ಲೋಕಲ್, ಮುಂಬೈ

ಫ್ಯಾನಿನ ಮಾತು ಬಂದದ್ದರಿಂದ ಎಚ್ಚರಿಸುತ್ತೇನೆ. ಕಟ್ಟುವ ಹಂತದಲ್ಲಿ ನೌಕೆಯ ನೆತ್ತಿಯ ಮೇಲೆ ಆಂಟೆನಾ ಇಡಲು ಕೈ ಎತ್ತಿಸಬೇಡಿ. ನಮ್ಮ ಮನೆಗಳಲ್ಲಿ ಅಲ್ಲಿ ನಿಜವಾದ ಫ್ಯಾನ್ ಇರುತ್ತದೆ, ಅದೂ ಇಲ್ಲದಿದ್ದರೆ ಅಟ್ಟದ ಮೇಲಿನ ಟ್ರಂಕು ಇರುತ್ತದೆ. ನೌಕೆಯನ್ನು ಇಪ್ಪತ್ತನೇ ಒಂದು ಪಾಲಿಗೆ ಇಳಿಸಿ, ಮೊಣಕೈ ಎತ್ತರದ ಮೇಜಿನ ಮೇಲೆ ಇಟ್ಟು, ಕುರ್ಚಿಯಲ್ಲಿ ಕೂತೇ ಕಟ್ಟುವಂತೆ ಮಾಡಿ. ಕೈಯನ್ನು ಭುಜದ ಮಟ್ಟದಲ್ಲಿ ಹತ್ತು ನಿಮಿಷ ಹಿಡಿದರೆ ಯಾರಿಗಾದರೂ ನೋವು ಬರುತ್ತದೆ.

ಇನ್ನು ನನ್ನ ವೃತ್ತಿಯ ಮಾತು. ನಾನು ಚಿತ್ರ ಮೂಡಿಸುವ ಪ್ರೋಗ್ರಾಮುಗಳನ್ನು ಬರೆಯುವವನು, ಹಳೆಯ ಕಾಲದ ನೋಟ ಎಂದಾಗ ಹೊಸಬರು ಮಾಡುವ ತಪ್ಪು ನನಗೆ ಗೊತ್ತು: ಇಡೀ ನೋಟವನ್ನು ಕಡಿಮೆ ಪಿಕ್ಸೆಲ್ಲುಗಳಿಗೆ, ಅಂದರೆ ಚಿತ್ರದ ಚುಕ್ಕೆಗಳಿಗೆ, ಇಳಿಸುವುದು, ಅದರ ಮೇಲೆ ಹಳೆಯ ಟಿವಿಯ ಅಡ್ಡಗೆರೆಗಳನ್ನು ಹಾಕುವುದು. ಎದುರಿಗೆ ದೂರದಲ್ಲಿರುವ ಟಿವಿಯಲ್ಲಿ ಅದು ಸೊಗಸು. ವಿಆರ್‌ನಲ್ಲಿ ಆ ಗೆರೆಗಳು ಮುಖಕ್ಕೆ ಕಟ್ಟಿದ ಸೊಳ್ಳೆಪರದೆಯಂತೆ ತಲೆಯ ಜೊತೆಗೇ ಚಲಿಸುತ್ತವೆ. ಮೊದಲ ಪ್ಲೇಸ್ಟೇಷನ್ ಆಟಗಳಲ್ಲಿ ಆಕೃತಿಗಳ ಮೂಲೆಗಳು ನಡುಗುತ್ತಿದ್ದುದನ್ನು ಅನುಕರಿಸುವುದಂತೂ ಇನ್ನೂ ಅಪಾಯಕರ. ಪರದೆಯ ಲೆಕ್ಕದಲ್ಲಿ ಮೂಲೆಗಳನ್ನು ಸರಿಸಿದರೆ ಎಡಗಣ್ಣಿಗೆ ಒಂದು ಜಾಗ, ಬಲಗಣ್ಣಿಗೆ ಇನ್ನೊಂದು ಜಾಗ ಕಾಣುತ್ತದೆ, ಮಿದುಳಿಗೆ ಎರಡನ್ನು ಹೊಂದಿಸಲು ಆಗುವುದಿಲ್ಲ. ನಡುಕ ಬೇಕೇ ಬೇಕಾದರೆ ವಸ್ತುವಿನ ಸ್ವಂತ ಅಳತೆಯಲ್ಲೇ ಮೂಲೆಗಳನ್ನು ಸರಿಸಿ, ಆಗ ಎರಡೂ ಕಣ್ಣಿಗೆ ಒಂದೇ ಸುಳ್ಳು ಕಾಣುತ್ತದೆ.

ಹಳೆಯತನವನ್ನು ನೋಟದ ಮೇಲೆ ಹೊದಿಸದೆ ನೌಕೆಯ ಒಳಗಿನ ಉಪಕರಣಗಳಲ್ಲಿ ಇಡಿ ಎಂಬುದು ನನ್ನ ಸಲಹೆ. ಮುಂದಿನ ಫಲಕದಲ್ಲಿ ಹಸಿರು ಗೆರೆಗಳ ಒಂದು ಪುಟ್ಟ ಪರದೆ ಇರಲಿ, ಅದರಲ್ಲಿ ಅಡ್ಡಗೆರೆಗಳೂ ಇರಲಿ, ಮಿನುಗೂ ಇರಲಿ. 1984ರಲ್ಲಿ ಬಿಬಿಸಿ ಮೈಕ್ರೊ ಗಣಕಕ್ಕೆ ಬಂದ ಎಲೀಟ್ ಆಟದಲ್ಲಿ ಅಂಡಾಕಾರದ ರೇಡಾರ್ ಒಂದಿತ್ತು. ಚುಕ್ಕಿಗೆ ಒಂದು ಕಡ್ಡಿ ಎಳೆದು ಶತ್ರು ಮೇಲಿದ್ದಾನೋ ಕೆಳಗಿದ್ದಾನೋ ತೋರಿಸುತ್ತಿದ್ದರು. ಆ ಕಡ್ಡಿ ಇಂದಿಗೂ ವಿಆರ್‌ಗೆ ಹೊಂದುತ್ತದೆ.

ಹಿಂಜವಡಿ ಹಕ್ಕಿ, ಪುಣೆ

ಅಡ್ಡಗೆರೆಗಳನ್ನು ನಿನ್ನೆಯಷ್ಟೇ ಹಾಕಿದ್ದೆ, ನಾಚಿಕೆಯಿಂದ ಇವತ್ತು ತೆಗೆದೆ. ಲೋಕಲ್ ಅವರೇ, ದೂರದ ಶತ್ರುನೌಕೆಗಳು ಕಾಗದದಲ್ಲಿ ಕತ್ತರಿಸಿ ಅಂಟಿಸಿದಂತೆ ಕಾಣುವುದಕ್ಕೆ ಏನು ಕಾರಣ? ಎರಡು ಕಿಲೋಮೀಟರ್ ದೂರದಲ್ಲಿ ಇಟ್ಟಿದ್ದೇನೆ.

ಡೊಂಬಿವಲಿ ಲೋಕಲ್, ಮುಂಬೈ

ಎರಡು ಕಣ್ಣುಗಳ ನಡುವಿನ ದೂರ ಸರಾಸರಿ 63 ಮಿಲಿಮೀಟರ್. ಕ್ವೆಸ್ಟ್ 2ರಲ್ಲಿ ನೋಟದ ಒಂದು ಡಿಗ್ರಿಗೆ ಸುಮಾರು 20 ಪಿಕ್ಸೆಲ್ ಸಿಗುತ್ತವೆ. ಲೆಕ್ಕ ಹಾಕಿದರೆ, ಸುಮಾರು 70 ಮೀಟರ್ ದಾಟಿದ ಮೇಲೆ ಎಡಗಣ್ಣಿನ ಚಿತ್ರಕ್ಕೂ ಬಲಗಣ್ಣಿನ ಚಿತ್ರಕ್ಕೂ ಇರುವ ವ್ಯತ್ಯಾಸ ಒಂದು ಪಿಕ್ಸೆಲ್ಲಿಗಿಂತ ಕಡಿಮೆ. ಅಲ್ಲಿಂದಾಚೆ ಎಲ್ಲವೂ ಗೋಡೆಯ ಮೇಲಿನ ಚಿತ್ರವೇ. ಕಾಳಗವನ್ನು ಹತ್ತಿರಕ್ಕೆ ತನ್ನಿ, ಹತ್ತಿಪ್ಪತ್ತು ಮೀಟರ್ ಪಕ್ಕದಲ್ಲಿ ಶತ್ರು ಸುಯ್ಯನೆ ಹಾದುಹೋಗಲಿ. ಹಳೆಯ ಆಟಗಳಲ್ಲೂ ಶತ್ರುಗಳು ಮೈಮೇಲೇ ಬರುತ್ತಿದ್ದವು.

ಲ್ಯಾಮಿಂಗ್ಟನ್ ರೋಡ್, ಮುಂಬೈ

ಎಲ್ಲವೂ ಸರಿ, ಆದರೆ ನನ್ನ ಅನುಮಾನ ಹಾಗೆಯೇ ಇದೆ. ಕೆಂಪು ಗುಂಡು, ಹಳದಿ ಗೆರೆ ತೋರಿಸಿದರೆ ಒಂದು ವಾರದಲ್ಲಿ ಪ್ರತಿಯೊಬ್ಬನೂ ಒಂದೇ ನೌಕೆ ಕಟ್ಟುತ್ತಾನೆ: ನಡುವೆ ತಾನು, ಸುತ್ತ ಕವಚ, ಮುಂದೆ ಬಂದೂಕು, ಹಿಂದೆ ಎಂಜಿನ್. ದೊಡ್ಡ ಇಟ್ಟಿಗೆ. ಕಟ್ಟುವ ಆಟಗಳನ್ನು ನಾನು ಬೇಕಾದಷ್ಟು ಆಡಿದ್ದೇನೆ, ಎಲ್ಲ ಕಡೆ ಕೊನೆಗೆ ಇಟ್ಟಿಗೆಯೇ ಗೆಲ್ಲುತ್ತದೆ. ಆಕಾರಕ್ಕೆ ಬೆಲೆ ಬೇಕು ಎಂದವರು ಇದಕ್ಕೆ ಉತ್ತರ ಹೇಳಲಿ.

ಮಾಟುಂಗಾ ಮೇಷ್ಟ್ರು, ಮುಂಬೈ

ಈ ಪ್ರಶ್ನೆಯನ್ನು ಕೇಳಿದ್ದಕ್ಕೆ ಲ್ಯಾಮಿಂಗ್ಟನ್ ರೋಡ್ ಅವರಿಗೆ ಪೂರ್ಣ ಅಂಕ. ಉತ್ತರವೂ ಭೌತಶಾಸ್ತ್ರದಲ್ಲೇ ಇದೆ, ಅದರ ಹೆಸರು ಶಾಖ. ನಿರ್ವಾತದಲ್ಲಿ ಬಿಸಿಯನ್ನು ಹೊತ್ತೊಯ್ಯಲು ಗಾಳಿಯಿಲ್ಲ, ನೀರಿಲ್ಲ; ನೌಕೆಯ ಬಿಸಿ ಹೊರಗೆ ತೆರೆದಿರುವ ಮೈಯಿಂದ ವಿಕಿರಣವಾಗಿಯೇ ಹೋಗಬೇಕು. ಬಂದೂಕು ಹಾರಿಸಿದಷ್ಟೂ, ಎಂಜಿನ್ ಉರಿಸಿದಷ್ಟೂ ಬಿಸಿ ಏರಲಿ.

ಈಗ 27 ತುಂಡುಗಳನ್ನು ತೆಗೆದುಕೊಳ್ಳಿ. ಉದ್ದ, ಅಗಲ, ಎತ್ತರ ಮೂರೂ 3 ಇರುವ ಇಟ್ಟಿಗೆ ಕಟ್ಟಿದರೆ ಹೊರಗೆ ತೆರೆದ ಮುಖಗಳು 54. ಅವೇ 27 ತುಂಡುಗಳನ್ನು ಉದ್ದ 9, ಅಗಲ 3, ದಪ್ಪ 1 ಇರುವ ಹಲಗೆಯಂತೆ ಹಾಸಿದರೆ 78. ಒಂದೇ ಸಾಲಿನ ಕೋಲಾಗಿಸಿದರೆ 110. ಅಂದರೆ ಇಟ್ಟಿಗೆಗಿಂತ ಕೋಲು ಎರಡು ಪಟ್ಟು ಬೇಗ ತಣ್ಣಗಾಗಬಲ್ಲದು. ಆದರೆ ಪಕ್ಕಕ್ಕೆ ತಿರುಗಲು ಕೋಲು ಒಡ್ಡುವ ಜಡತ್ವ ಇಟ್ಟಿಗೆಯದಕ್ಕಿಂತ ಸುಮಾರು ನಲವತ್ತು ಪಟ್ಟು, ಏಕೆಂದರೆ ಕೇಂದ್ರದಿಂದ ಇರುವ ದೂರದ ವರ್ಗವೇ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಹಲಗೆಯ ಸ್ವಭಾವ ಇನ್ನೂ ಸ್ವಾರಸ್ಯಕರವಾಗಿದೆ: ಎಡಬಲಕ್ಕೆ ಮೂತಿ ತಿರುಗಿಸಲು ಅದರ ಜಡತ್ವ ಇಟ್ಟಿಗೆಯ ಸರಿಯಾಗಿ ಐದು ಪಟ್ಟು, ಉದ್ದದ ಅಕ್ಷದ ಸುತ್ತ ಮಗುಚಲು ಮಾತ್ರ ಇಟ್ಟಿಗೆಯ ಅರ್ಧಕ್ಕಿಂತ ತುಸು ಹೆಚ್ಚು. ಮೂರು ಆಕಾರಗಳು, ಮೂರು ಸ್ವಭಾವಗಳು. ಯಾವುದೂ ಎಲ್ಲದರಲ್ಲೂ ಗೆಲ್ಲುವುದಿಲ್ಲ. ಇಟ್ಟಿಗೆ ಕಟ್ಟಿದವನು ಚುರುಕಾಗಿ ತಿರುಗುತ್ತಾನೆ, ಆದರೆ ನಾಲ್ಕು ಬಾರಿ ಗುಂಡು ಹಾರಿಸಿ ಬೆವರು ಒರೆಸಿಕೊಳ್ಳುತ್ತ ಕೂರಬೇಕಾಗುತ್ತದೆ.

ಡೊಂಬಿವಲಿ ಲೋಕಲ್, ಮುಂಬೈ

ಮೇಷ್ಟ್ರೇ, ನೀವು ಗೊತ್ತಿಲ್ಲದೆ ನನ್ನ ಕೆಲಸವನ್ನೂ ಮಾಡಿಕೊಟ್ಟಿರಿ. ಸೆಕೆಂಡಿಗೆ 90 ಬಾರಿ ಚಿತ್ರ ಬರೆಯಬೇಕಾದರೆ ಒಂದೊಂದಕ್ಕೆ ಸಿಗುವುದು 11.1 ಮಿಲಿಸೆಕೆಂಡ್, ಅದರಲ್ಲೇ ಎರಡೂ ಕಣ್ಣಿನ ಚಿತ್ರ ಮುಗಿಯಬೇಕು, ಅದೂ ಮೊಬೈಲ್ ಫೋನಿನ ಜಾತಿಯ ಚಿಪ್‌ನಲ್ಲಿ. ಹಾಗಾಗಿ ನೌಕೆಯ ತುಂಡುಗಳನ್ನು ಬಿಡಿಬಿಡಿಯಾಗಿ ಬರೆಯದೆ, ಒಳಗೆ ಮುಚ್ಚಿಹೋದ ಮುಖಗಳನ್ನು ಬಿಟ್ಟು, ಹೊರಗೆ ಕಾಣುವವನ್ನು ಮಾತ್ರ ಒಂದೇ ಆಕೃತಿಯಾಗಿ ಬೆಸೆಯುತ್ತೇವೆ. 27 ತುಂಡುಗಳ ಇಟ್ಟಿಗೆಗೆ ಒಟ್ಟು 162 ಮುಖಗಳು, ಬರೆಯಬೇಕಾದವು ನಿಮ್ಮ ಅದೇ 54. ಚಿತ್ರಕ್ಕಾಗಿ ಹೇಗೂ ಈ ಪಟ್ಟಿ ಮಾಡಲೇಬೇಕು. ಶಾಖದ ಲೆಕ್ಕಕ್ಕೆ ಬೇಕಾದುದೂ ಅದೇ ಪಟ್ಟಿ. ಹಕ್ಕಿಯವರು ಹೊಸದಾಗಿ ಏನನ್ನೂ ಎಣಿಸಬೇಕಾಗಿಲ್ಲ. ಸ್ಫೋಟದ ಹೊಗೆಯನ್ನು ಮಾತ್ರ ಪಾರದರ್ಶಕ ಪದರಗಳಾಗಿ ಮಾಡಬೇಡಿ, ಒಂದರ ಮೇಲೊಂದು ಬರೆಯುವುದರಲ್ಲೇ ಸಮಯ ಮುಗಿದುಹೋಗುತ್ತದೆ. ಗೆರೆಗಳ ಚೂರುಗಳನ್ನು ಚಿಮ್ಮಿಸಿ, ಹಳೆಯ ನೋಟಕ್ಕೂ ಅದೇ ಚಂದ.

ಮಾಟುಂಗಾ ಮೇಷ್ಟ್ರು, ಮುಂಬೈ

ಯಂತ್ರದ ಮಿತಿಯೇ ಆಟದ ಗುಣವಾಗುವುದಕ್ಕೆ ಹಳೆಯ ನಿದರ್ಶನ ಒಂದಿದೆ. 1978ರಲ್ಲಿ ತೊಮೊಹಿರೊ ನಿಶಿಕಾಡೊ ಮಾಡಿದ ಸ್ಪೇಸ್ ಇನ್ವೇಡರ್ಸ್ ಆಟದಲ್ಲಿ ಶತ್ರುಗಳು ಸತ್ತಂತೆಲ್ಲ ಉಳಿದವರ ವೇಗ ಹೆಚ್ಚುತ್ತಿತ್ತು. ಬರೆಯಬೇಕಾದ ಶತ್ರುಗಳು ಕಡಿಮೆಯಾದಂತೆ ಆ ಯಂತ್ರಕ್ಕೆ ಉಳಿದವನ್ನು ಬೇಗ ಬರೆಯಲು ಆಗುತ್ತಿದ್ದುದೇ ಕಾರಣ. ಎದೆಬಡಿತ ಏರಿಸಿದ್ದು ಅದೇ.

ಕೊತ್ರೂಡ್ ಡಾಕ್ಟರ್, ಪುಣೆ

ಹಲಗೆಯಾಕಾರದ ನೌಕೆ ಚುರುಕಾಗಿ ಮಗುಚುತ್ತದೆ ಎಂಬುದನ್ನು ಓದಿ ಬೆಚ್ಚಿದೆ. ಕಾಣುವ ದಿಗಂತ ಮಗುಚುವಾಗ ನಾಳಗಳ ಜೊತೆಗೆ ಭೂಮಿಯ ಸೆಳೆತವನ್ನು ಅರಿಯುವ ಅಂಗಗಳೂ ದೂರು ಹೇಳುತ್ತವೆ. ಮಗುಚುವ ವೇಗಕ್ಕೆ ಒಂದು ಮಿತಿ ಇಡಿ, ಆ ಹೊತ್ತಿನಲ್ಲಿ ನೋಟದ ಅಂಚುಗಳನ್ನು ಸ್ವಲ್ಪ ಕತ್ತಲಾಗಿಸಿ. ಬೇಡವೆನ್ನುವವರು ಆಯ್ಕೆಯಲ್ಲಿ ತೆಗೆದುಕೊಳ್ಳಲಿ.

ಹಿಂಜವಡಿ ಹಕ್ಕಿ, ಪುಣೆ

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ಕೆಂಪು ಗುಂಡು, ಹಳದಿ ಗೆರೆ, ನೌಕೆಯ ಗಣಕ, ಶಾಖ, ದಪ್ಪ ಕಂಬಿಗಳ ಕಿಟಕಿ, ಇಷ್ಟೂ ಸೇರಿವೆ. ಶಾಖವನ್ನು ಅಂಕಿಯಲ್ಲಿ ತೋರಿಸದೆ ಕಿಟಕಿಯ ಕಂಬಿಗಳೇ ಕಪ್ಪಿನಿಂದ ಕೆಂಪಿಗೆ ತಿರುಗುವಂತೆ ಮಾಡಿದ್ದೇನೆ. ಅತ್ತಿಗೆ ಕೋಲಿನ ನೌಕೆ ಕಟ್ಟಿ, ಮೂತಿ ತಿರುಗಿಸುವ ಗೋಜಿಗೇ ಹೋಗದೆ, ಒಂದೇ ದಿಕ್ಕಿಗೆ ಹಾರುತ್ತ ಬಿಡದೆ ಗುಂಡು ಸುರಿಸಿ ಎಲ್ಲರಿಗಿಂತ ಹೆಚ್ಚು ಅಂಕ ಗಳಿಸಿದರು. ನಾನು ಎಣಿಸಿರದ ದಾರಿ ಅದು. ಚಿಕ್ಕಪ್ಪ ಮೊನ್ನೆ ಬಂದಾಗ ಹೆಡ್‌ಸೆಟ್ ನೋಡಿ ಮುಖ ಸಿಂಡರಿಸಿದರು, ಆದರೂ ಕೂತರು. ಎಡಗಡೆ ಅದೇ ಬಂದೂಕು, ಬಲಗಡೆ ಮೂರು ಟ್ಯಾಂಕು ಇಟ್ಟು ಕೆಂಪು ಗುಂಡನ್ನು ಹಳದಿ ಗೆರೆಗೆ ತಂದರು. ಇಪ್ಪತ್ತೆರಡು ನಿಮಿಷ ಆಡಿ, ಇಳಿದು, ಚಹಾ ಕುಡಿದರು.

ವಾಸ್ಕೋ ಕಿನಾರೆ, ಗೋವಾ

ಬಲಗಡೆ ಇಟ್ಟದ್ದು ಇಂಧನದ ಟ್ಯಾಂಕೇ? ಇಂಧನ ಖಾಲಿಯಾದಂತೆ ಅವುಗಳ ತೂಕ ಇಳಿಯುವುದನ್ನು ನಿಮ್ಮ ಲೆಕ್ಕದಲ್ಲಿ ಸೇರಿಸಿದ್ದೀರಾ?

ಹಿಂಜವಡಿ ಹಕ್ಕಿ, ಪುಣೆ

ಇಲ್ಲ. ಇವತ್ತು ರಾತ್ರಿ ಸೇರಿಸುತ್ತೇನೆ. ಚಿಕ್ಕಪ್ಪನಿಗೆ ಈಗಲೇ ಹೇಳುವುದಿಲ್ಲ.